ಚಕ್ರದ ಹಿಂದಿನ ಕಲ್ಲು

ನಿಜ ಹೇಳಿಬಿಡುತ್ತೇನೆ. ಕಳೆದ ವರ್ಷ ಜುಲೈ ತಿಂಗಳ ಒಂದು ಶನಿವಾರ ನಾನು ಮೈಸೂರಿನಿಂದ ಊಟಿಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋದದ್ದು ಊರು ನೋಡಲಿಕ್ಕಲ್ಲ. ಮಗಳಿಗೆ "ಬೇಡ" ಎನ್ನಲು ಒಂದು ಒಳ್ಳೆಯ ಕಾರಣ ಹುಡುಕಲಿಕ್ಕೆ.

ಅವಳಿಗೆ ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಗುವಂತಿತ್ತು. 1980ರಲ್ಲಿ ಆರಂಭವಾದ ಆ ಕಾಲೇಜು ಈಗ ನಮ್ಮ ಮೈಸೂರಿನ ಜೆಎಸ್‌ಎಸ್ ವಿಶ್ವವಿದ್ಯಾಲಯದ್ದೇ ಒಂದು ಅಂಗ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಯಜಮಾನರು ತೀರಿಕೊಂಡು ಮೂರು ವರ್ಷ, ಮನೆಯಲ್ಲಿ ನಾವಿಬ್ಬರೇ. ಅವಳೂ ಹೊರಟುಹೋದರೆ ಸಂಜೆ ಜಪಸರಕ್ಕೆ ನನ್ನ ಜೊತೆ ಕೂರುವವರು ಯಾರು? ಇದನ್ನು ಬಾಯಿಬಿಟ್ಟು ಹೇಳಲಾಗದೆ, "ಚಳಿಯ ಊರು, ಜಾಗ ನೋಡದೆ ಹೇಗೆ ಕಳಿಸಲಿ?" ಎಂದಿದ್ದೆ. "ನಾನೂ ಬರ್ತೀನಮ್ಮಾ" ಎಂದಳು. ಒಪ್ಪಲಿಲ್ಲ. ತಮ್ಮ ಫೋನು ಮಾಡಿ, "ಅಕ್ಕಾ, ನೀನೊಬ್ಬಳೇ ಘಾಟಿ ಹತ್ತೋದಾ?" ಎಂದು ಗದರಿದ. ಅವನದೂ ತಪ್ಪಲ್ಲ. ನಾನು ಕಾರು ಕಲಿತದ್ದೇ ನಲವತ್ತೆಂಟನೇ ವಯಸ್ಸಿನಲ್ಲಿ, ಯಜಮಾನರ ಕಾರು ಶೆಡ್ಡಿನಲ್ಲಿ ನಿಂತು ಹಾಳಾಗಬಾರದೆಂದು.

ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಅದನ್ನು ಮಗಳೇ ಮೊಬೈಲಿನಲ್ಲಿ ತೆಗೆದುಕೊಟ್ಟಳು. ಅಲ್ಲಿ ಪ್ಲಾಸ್ಟಿಕ್ ಬಾಟಲಿ ಬಿಡುವುದಿಲ್ಲವೆಂದು ಸ್ಟೀಲಿನ ಬಾಟಲಿಗೆ ನೀರು ತುಂಬಿಕೊಟ್ಟಳು. ಐದೂವರೆಗೆ ಶಿಲುಬೆಯ ಗುರುತು ಹಾಕಿಕೊಂಡು ಹೊರಟೆ. ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರ. 2009ರಿಂದ ಆ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವಿಲ್ಲ. ಒಂಬತ್ತರೊಳಗೆ ವಾಪಸು ಬರಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ. ತೆಪ್ಪಕಾಡಿನಲ್ಲಿ ರಸ್ತೆ ಎರಡಾಗುತ್ತದೆ. ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ. ನಾನು ಮಸಿನಗುಡಿಯ ದಾರಿ ಹಿಡಿದೆ, ಹತ್ತಿರವೆಂದು.

ಹತ್ತಿರವೇನೋ ಹೌದು. ಆದರೆ ಕಲ್ಹಟ್ಟಿ ಘಾಟಿಯಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳು! ಹದಿನೈದನೆಯದೋ ಹದಿನಾರನೆಯದೋ ತಿರುವಿನಲ್ಲಿ ಗೇರು ಬದಲಿಸುವಾಗ ಎಂಜಿನ್ ನಿಂತೇ ಹೋಯಿತು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದು ಹಿಡಿದು "ಯೇಸುವೇ, ಮರಿಯಮ್ಮನೇ" ಎನ್ನುತ್ತ ಕುಳಿತೆ. ಹಿಂದೆ ಒಂದು ಜೀಪು ಬಂದು ನಿಂತಿತು. ಇಪ್ಪತ್ತೈದರ ಹುಡುಗನೊಬ್ಬ ಇಳಿದು ಬಂದ. ಬೈಯುತ್ತಾನೇನೋ ಎಂದುಕೊಂಡೆ. ಅವನು ರಸ್ತೆಯ ಪಕ್ಕದಿಂದ ಒಂದು ದಪ್ಪ ಕಲ್ಲು ತಂದು ನನ್ನ ಕಾರಿನ ಹಿಂದಿನ ಚಕ್ರಕ್ಕೆ ಒತ್ತಿಟ್ಟ.

"ನೀನೇ ಸ್ವಲ್ಪ ಓಡಿಸಿಕೊಡಪ್ಪಾ" ಎಂದು ಬಾಗಿಲು ತೆಗೆಯಹೋದೆ. ಅವನು ತಮಿಳು ಬೆರೆತ ಕನ್ನಡದಲ್ಲಿ, "ಬೇಡಮ್ಮಾ, ಇನ್ನೂ ಇಪ್ಪತ್ತು ತಿರುವು ಇದೆ. ನೀವೇ ಓಡಿಸಬೇಕು. ಕಲ್ಲು ಇಟ್ಟಿದ್ದೀನಿ, ಹಿಂದೆ ಹೋಗಲ್ಲ. ಫಸ್ಟ್ ಗೇರಿನಲ್ಲೇ ಎತ್ತಿ" ಎಂದ. ಎತ್ತಿದೆ. ಕಾರು ಹತ್ತಿತು. ಕನ್ನಡಿಯಲ್ಲಿ ನೋಡಿದರೆ ಅವನು ಕಲ್ಲನ್ನು ಮತ್ತೆ ಪಕ್ಕಕ್ಕೆ ಇಡುತ್ತಿದ್ದ.

ಊಟಿ ತಲುಪಿ ಮೊದಲು ಸಂತ ಸ್ತೆಫಾನರ ಚರ್ಚಿಗೆ ಹೋದೆ. ಅದು ಸಿ.ಎಸ್.ಐ. ಸಭೆಯದು. 1829ರಲ್ಲಿ ಅಡಿಗಲ್ಲು ಹಾಕಿ, 1830ರ ನವೆಂಬರಿನಲ್ಲಿ ಪ್ರತಿಷ್ಠೆ ಮಾಡಿದ್ದು. ಅದರ ಮಾಡಿನ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ ಬಂದವು. ನಮ್ಮ ಊರ ಮರ ಎಲ್ಲಿಗೆ ಬಂದು ಯಾವ ಮಾಡು ಹೊತ್ತಿದೆ ಎಂದು ಕತ್ತೆತ್ತಿ ನೋಡಿದೆ. ಹೊರಗಿನ ಸಮಾಧಿಭೂಮಿಯಲ್ಲಿ ಜಾನ್ ಸಲ್ಲಿವನ್ನನ ಹೆಂಡತಿ ಮತ್ತು ಮಗಳು ಮಲಗಿದ್ದಾರೆ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಆತ 1819ರಲ್ಲಿ ಈ ಬೆಟ್ಟ ಹತ್ತಿದವನು, ಊಟಿ ಪಟ್ಟಣ ಕಟ್ಟಿದವನು. ಅದೇ ಊರಿನಲ್ಲಿ 1838ರಲ್ಲಿ ಅವರಿಬ್ಬರನ್ನೂ ಮಣ್ಣು ಮಾಡಬೇಕಾಯಿತು. ಬಹಳ ಹೊತ್ತು ಅಲ್ಲೇ ನಿಂತೆ. ನನ್ನ ಮಗಳು ದೂರ ಹೋಗುತ್ತಿದ್ದಾಳೆ, ಅಷ್ಟೇ. ಫೋನು ಮಾಡಿದರೆ ಮಾತಾಡುತ್ತಾಳೆ.

ಸಲ್ಲಿವನ್ 1822ರಲ್ಲಿ ಕಟ್ಟಿಸತೊಡಗಿದ ಕಲ್ಲಿನ ಮನೆ, ಸ್ಟೋನ್ ಹೌಸ್, ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಆ ಕಾಲೇಜು ಶುರುವಾದದ್ದು 1955ರಲ್ಲಿ. ನಮಗೂ ಅದು ನೆನಪಿಡಬೇಕಾದ ವರ್ಷ. ಅಲ್ಲಿಯವರೆಗೆ ಮೈಸೂರು ಧರ್ಮಪ್ರಾಂತ್ಯದ ಮಡಿಲಲ್ಲಿದ್ದ ಊಟಿ, ಆ ವರ್ಷದ ಜುಲೈ 3ರಂದು ಬೇರೆ ಧರ್ಮಪ್ರಾಂತ್ಯವಾಯಿತು. ಮೊದಲ ಧರ್ಮಾಧ್ಯಕ್ಷರು ಆಂತೋಣಿ ಪಡಿಯರ. ಮುಂದೆ ಕಾರ್ಡಿನಲ್ ಆದವರು. ಯೇಸುವಿನ ಪವಿತ್ರ ಹೃದಯದ ಪ್ರಧಾನಾಲಯದಲ್ಲಿ ಮೊಣಕಾಲೂರಿದಾಗ ಇದೇ ಯೋಚನೆ. ಬೆಳೆದ ಮಗುವನ್ನು ಮೈಸೂರು ಬಿಟ್ಟುಕೊಟ್ಟಿತು. ಎರಡೂ ಚೆನ್ನಾಗಿಯೇ ಇವೆ.

ಕೊನೆಗೆ ಮಗಳ ಕಾಲೇಜು. ಬೇಕೆಂದೇ ಅದನ್ನು ಕಡೆಗೆ ಇಟ್ಟುಕೊಂಡಿದ್ದೆ. ರಾಕ್‌ಲ್ಯಾಂಡ್ಸ್‌ನಲ್ಲಿರುವ ಆ ಕ್ಯಾಂಪಸ್ಸಿನಲ್ಲಿ ತಪ್ಪು ಹುಡುಕುತ್ತಲೇ ನಡೆದೆ. ಸಿಕ್ಕಿದ್ದು ಚಳಿ ಒಂದೇ. ಬಿಳಿ ಕೋಟಿನ ಮಕ್ಕಳ ಗುಂಪಿನಲ್ಲಿ ಕನ್ನಡ ಕಿವಿಗೆ ಬಿತ್ತು. ಮಂಡ್ಯ ಕಡೆಯ ಹುಡುಗಿ. "ಇಲ್ಲಿ ಹೇಗಿದೆಯಮ್ಮಾ?" ಎಂದೆ. "ಮೊದಲ ತಿಂಗಳು ದಿನಾ ಅಳು ಬರ್ತಿತ್ತು ಆಂಟಿ. ಅಮ್ಮಂಗೆ ಹೇಳಿರಲಿಲ್ಲ. ಹೇಳಿದ್ರೆ ಬಾ ಅಂತ ಕರೆದುಬಿಡೋಳು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ತಾಯಿಯ ಜಾಗದಲ್ಲಿ ನಾನಿದ್ದರೂ ಹಾಗೇ ಕರೆಯುತ್ತಿದ್ದೆ.

ಕಲ್ಹಟ್ಟಿಯಲ್ಲಿ ಹೊರಗಿನ ವಾಹನಗಳನ್ನು ಕೆಳಕ್ಕೆ ಇಳಿಯಬಿಡುವುದಿಲ್ಲ. ಆದ್ದರಿಂದ ಪೈಕಾರಾ, ನಡುವಟ್ಟಂ ಮೂಲಕ ಗೂಡಲೂರಿಗೆ ಇಳಿದೆ. ಮಳೆ, ಮಂಜು. ನಡುವಟ್ಟಂನಲ್ಲಿ ಚಹಾಕ್ಕೆ ನಿಲ್ಲಿಸಿದೆ. 1860ರ ದಶಕದಲ್ಲಿ ಅಲ್ಲಿ ಸಿಂಕೋನಾ ಮರ ಬೆಳೆಸಿದರು. ಅದರ ತೊಗಟೆಯಿಂದಲೇ ಮಲೇರಿಯಾಕ್ಕೆ ಕ್ವಿನೈನ್. ಎಷ್ಟು ಮನೆಯ ಮಕ್ಕಳು ಅದರಿಂದ ಉಳಿದರೋ! ನನ್ನ ಮಗಳು ಓದಹೊರಟಿದ್ದೂ ಔಷಧಿಯನ್ನೇ ಅಲ್ಲವೇ?

ಗೂಡಲೂರಿನ ಇಳಿಜಾರಿನಲ್ಲಿ ಬೆಳಗಿನ ಹುಡುಗ ನೆನಪಾದ. ಅವನು ನನ್ನ ಕೈಯಿಂದ ಸ್ಟಿಯರಿಂಗ್ ತೆಗೆದುಕೊಂಡಿದ್ದರೆ ಆ ಒಂದು ತಿರುವು ದಾಟುತ್ತಿದ್ದೆ, ಮುಂದಿನದಕ್ಕೆ ಮತ್ತೆ ನಿಲ್ಲುತ್ತಿದ್ದೆ. ಅವನು ಹಿಂದೆ ಜಾರದ ಹಾಗೆ ಕಲ್ಲಿಟ್ಟು ಪಕ್ಕಕ್ಕೆ ಸರಿದ. ತಂದೆತಾಯಿಯರಾದ ನಮಗೆ ಉಳಿದಿರುವ ಕೆಲಸವೂ ಅಷ್ಟೇ ಇರಬೇಕು. ಪಕ್ಕಕ್ಕೆ ಸರಿಯುವುದೇ ಕಷ್ಟ.

ಏಳೂವರೆಗೆ ಬಂಡೀಪುರ ದಾಟಿದೆ. ಮನೆ ಸೇರುವಾಗ ಒಂಬತ್ತು ದಾಟಿತ್ತು. ಮಗಳು ಗೇಟಿನಲ್ಲೇ ನಿಂತಿದ್ದಳು. ಕೇಳಲು ಧೈರ್ಯ ಸಾಲದೆ, "ಊಟಕ್ಕೆ ಬಡಿಸಲಾ ಅಮ್ಮಾ?" ಎಂದಳು.

"ನಾಳೆ ಪೂಜೆ ಮುಗಿಸಿಕೊಂಡು ಹಾಗೇ ಅಂಗಡಿಗೆ ಹೋಗೋಣ," ಎಂದೆ. "ನಿನ್ನ ಸ್ವೆಟರು ಅಲ್ಲಿಯ ಚಳಿಗೆ ಸಾಲದು."