ನಿಮ್ಮ ಕಡಿ ಮಳಿ ಹ್ಯಾಂಗದ?

ಮೊನ್ನೆ ಸಂಜೆ ಪುಣೆಯಿಂದ ಮಗನ ಫೋನ್ ಬಂದಿತ್ತು. ಕ್ಷೇಮ ಸಮಾಚಾರ ಎರಡೇ ಮಾತಿನಲ್ಲಿ ಮುಗಿಯಿತು. ಆಮೇಲೆ ಅವನು, “ಅಪ್ಪಾ, ಕೋಡ್ಲಾದಾಗ ಮಳಿ ಹ್ಯಾಂಗದ?” ಎಂದು ಕೇಳಿದ. ಮಿರಗ ಯಾವ ದಿನ ಕೂಡಿತು, ಆರಿದ್ರೆ ಎಷ್ಟು ಸುರಿಯಿತು, ಯಾರ ಹೊಲದಲ್ಲಿ ತೊಗರಿ ಮೊಳಕೆಯೊಡೆಯಿತು, ಯಾರದು ನೀರು ನಿಂತು ಕೊಳೆಯಿತು ಎಂದು ನಾನು ಸವಿಸ್ತಾರವಾಗಿ ಹೇಳಿದೆ. ಅವನು ಅಲ್ಲಿಯ ಮಳೆಯ ವರದಿ ಒಪ್ಪಿಸಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಮನೆಯವರು ನಕ್ಕು, “ಅಪ್ಪ ಮಗ ಇಬ್ಬರೂ ಹವಾಮಾನ ಇಲಾಖೆಯವರೇ ಆಗಬೇಕಾಗಿತ್ತು” ಎಂದರು.

ನಾನೂ ನಕ್ಕೆ. ಆದರೆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅದೇ ಪ್ರಶ್ನೆಯನ್ನು ಹಿಂದೊಮ್ಮೆ ನನ್ನ ತಂದೆಯವರು ನನಗೆ ಕೇಳಿದ್ದರು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ನಾಲ್ಕು ದಶಕಗಳಿಂದ ಮನಸ್ಸಿನಲ್ಲಿ ಉಳಿದಿರುವ ಆ ಮಾತನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ನಮ್ಮ ಹಳೆಯ ಮನೆಯನ್ನು ನೋಡಿದವರು ನಮ್ಮ ಬಂಧುಗಳಲ್ಲಿ ಈಗ ಕೆಲವರು ಮಾತ್ರ ಉಳಿದಿದ್ದಾರೆ. ಪರಸಿ ಕಲ್ಲಿನ ಗೋಡೆ, ಪರಸಿ ಹಾಸಿದ ನೆಲ, ಮೇಲೆ ತೊಲೆ ಜಂತೆಗಳ ಮೇಲೆ ಮಣ್ಣಿನ ಮಾಳಿಗೆ. ಹೊರಗಿನವರು ಶಹಾಬಾದ್ ಕಲ್ಲು ಎಂದು ಕರೆಯುವುದು ಈ ಸುಣ್ಣದ ಕಲ್ಲನ್ನೇ. ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವೂ ನಮ್ಮ ನೆಲದ ಸುಣ್ಣದ ಕಲ್ಲೇ. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ಮಳೆಗಾಲ ಹತ್ತಿರ ಬಂದಂತೆ ಅಪ್ಪ ಸವಳು ಮಣ್ಣು ತಂದು ಮಾಳಿಗೆಗೆ ಹೊದಿಸಿ ತುಳಿಯುತ್ತಿದ್ದರು. ಎಷ್ಟು ತುಳಿದರೂ ಒಂದೆರಡು ಕಡೆ ಸೋರುವುದು ತಪ್ಪುತ್ತಿರಲಿಲ್ಲ. ಅವ್ವ ಸೋರುವ ಜಾಗಕ್ಕೆ ಸರಿಯಾಗಿ ಕೊಡ, ತಪ್ಪಲೆ, ಪರಾತಗಳನ್ನು ಇಡುತ್ತಿದ್ದಳು. ಹಾಗೆಂದು ಮಳೆಯನ್ನು ಬೈದದ್ದನ್ನು ನಾನು ಕೇಳಿಲ್ಲ. ಮೊದಲ ದೊಡ್ಡ ಮಳೆಯಾದ ದಿನ ಬಿಸಿ ರೊಟ್ಟಿ, ಪುಂಡಿ ಪಲ್ಯ, ಮೇಲೆ ಒಂದು ಹನಿ ಕುಸುಬಿ ಎಣ್ಣೆ. “ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ” ಎಂಬ ಗಾದೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅವ್ವನ ಬಾಯಿಂದ ಕೇಳಿದ್ದೆ. ನನ್ನ ತಾಟಿಗೆ ಮತ್ತೊಂದು ರೊಟ್ಟಿ ಹಾಕುವಾಗ ಅವಳು ಇದನ್ನು ಹೇಳುತ್ತಿದ್ದಳು.

ಅಪ್ಪ ಓದಿದ್ದು ನಿಜಾಮರ ಆಳ್ವಿಕೆಯ ಕಾಲದಲ್ಲಿ. ಆಗ ಹೈದರಾಬಾದ್ ಸಂಸ್ಥಾನದ ಶಾಲೆಗಳಲ್ಲಿ ಉರ್ದುವಿನದೇ ದರ್ಬಾರು. ನಾಲ್ಕನೆಯ ಇಯತ್ತೆಯವರೆಗೆ ಅವರು ಉರ್ದುವಿನಲ್ಲಿ ಕಲಿತರು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು, 1956ರ ನವೆಂಬರ್ 1ರಂದು ಕಲಬುರಗಿ ಸೀಮೆ ಕನ್ನಡ ನಾಡಿನೊಳಗೆ ಬಂತು. ಅಷ್ಟರಲ್ಲಿ ಅಪ್ಪ ಸಂಸಾರಸ್ಥರು. ಮನೆಯ ಮಾತು ಕನ್ನಡವಾದರೂ ಅದರ ಅಕ್ಷರವನ್ನು ಅವರು ದೊಡ್ಡವರಾದ ಮೇಲೆ, ಅಂಗಡಿಯ ಲೆಕ್ಕದ ವಹಿ ನೋಡಿ ನೋಡಿ ಕಲಿತವರು. ಒಂದೊಂದು ಅಕ್ಷರವನ್ನೂ ಬೀಜ ಊರಿದಂತೆ ಬಿಡಿ ಬಿಡಿಯಾಗಿ ಬರೆಯುತ್ತಿದ್ದರು. ಒಂದು ಕಾರ್ಡು ಬರೆಯಲು ಅವರಿಗೆ ಅರ್ಧ ದಿನ ಬೇಕಾಗುತ್ತಿತ್ತು.

ನಾನು ಕಲಬುರಗಿಯಲ್ಲಿ ಬಿ.ಎಡ್. ಮುಗಿಸಿದ್ದು 1983ರಲ್ಲಿ. ಮರುವರ್ಷ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಕನ್ನಡ ಶಿಕ್ಷಕನಾಗಿ ಹೋದೆ. ಔರಾದ್ ಎಂದರೆ ಕರ್ನಾಟಕದ ಉತ್ತರದ ತುತ್ತತುದಿ. ಕೋಡ್ಲಾದಿಂದ ಚಿಂಚೋಳಿ, ಹುಮನಾಬಾದ್, ಬೀದರ್ ಎಂದು ಬಸ್ಸು ಬದಲಿಸುತ್ತ ಹೋಗುವಷ್ಟರಲ್ಲಿ ಒಂದು ಹಗಲು ಕಳೆಯುತ್ತಿತ್ತು. ಆದ್ದರಿಂದ ಊರಿನ ಸುದ್ದಿಗೆ ಅಪ್ಪನ ಅಂಚೆ ಕಾರ್ಡೇ ಗತಿ.

1985ರ ಜೂನ್ ಕೊನೆಗೆ ಒಂದು ಕಾರ್ಡು ಬಂತು. ಆಶೀರ್ವಾದದ ಸಾಲಾದ ಮೇಲೆ ಇದ್ದದ್ದು ಇಷ್ಟೇ: “ಮಿರಗ ಒಣಗಿ ಹೋಯಿತು. ಎಲ್ಲರೂ ಆರಾಮ.” ಆಗಸ್ಟ್ ತಿಂಗಳಲ್ಲಿ ಎರಡನೆಯದು: “ಆಶ್ಲೇಷಾ ಹನಿ ಹಾಕಿತು. ತೊಗರಿ ಗೇಣು ಅದ. ಎತ್ತಿಗೆ ಮೇವು ಕಡಿಮಿ. ಎಲ್ಲರೂ ಆರಾಮ.” ಅಕ್ಟೋಬರ್‌ನಲ್ಲಿ ಮೂರನೆಯದು: “ಉತ್ತರಿ ಬರಲಿಲ್ಲ. ಹಸ್ತದ ಮ್ಯಾಲೆ ಭರವಸೆ ಇಲ್ಲ. ನಿಮ್ಮ ಕಡಿ ಮಳಿ ಹ್ಯಾಂಗದ?”

ಅಪ್ಪನಿಗೆ ಬರೆಯಲು ಬೇರೇನೂ ತೋಚುವುದಿಲ್ಲ, ಹವೆಯ ಸುದ್ದಿ ಬರೆದು ಕಾರ್ಡು ತುಂಬಿಸುತ್ತಾರೆ ಎಂದೇ ನಾನು ತಿಳಿದಿದ್ದೆ. ತೀರ್ಥರೂಪರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರ ತಿಳಿಸಿ, ಇಲ್ಲಿ ಹವೆ ಹಿತಕರವಾಗಿದೆ, ನಾನು ಕುಶಲ, ದೀಪಾವಳಿಗೆ ಬರುತ್ತೇನೆ ಎಂದು ಗ್ರಾಂಥಿಕ ಕನ್ನಡದಲ್ಲಿ ಉತ್ತರ ಬರೆದೆ. ಆ ತಿಂಗಳ ಸಂಬಳದಲ್ಲಿ ಒಂದು ಎಚ್‌ಎಂಟಿ ಕೈಗಡಿಯಾರ ಕೊಂಡೆ.

ದೀಪಾವಳಿಗೆ ಊರಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಖಾಲಿ ಕೊಟ್ಟಿಗೆ. ಒಳಗೆ ಹೋಗಿ ಅವ್ವನ ಕಾಲಿಗೆ ನಮಸ್ಕರಿಸಿ ಎದ್ದಾಗ ಅವಳ ಕೊರಳು ಬರಿದಾಗಿ ಕಂಡಿತು. ತಾಳಿ ಇತ್ತು, ಬೋರಮಾಳ ಇರಲಿಲ್ಲ. ಅದು ಅವಳ ತವರಿನವರು ಹಾಕಿದ ಸರ. ನಾನು ಹುಟ್ಟಿದಾಗಿನಿಂದ ಅವಳ ಕೊರಳಲ್ಲಿ ಅದಿಲ್ಲದ ದಿನವನ್ನು ಕಂಡಿರಲಿಲ್ಲ. “ಎಲ್ಲಿ ಅವ್ವಾ?” ಎಂದೆ. “ಅದೇನು ಹಸಿವೆಗೆ ಆಗ್ತದೇನು ತಮ್ಮಾ? ಕೈಕಾಲು ತೊಕೊ, ರೊಟ್ಟಿ ಹಾಕ್ತೀನಿ” ಎಂದು ಒಲೆಯ ಮುಂದೆ ಕುಳಿತಳು.

ಅಪ್ಪ ನನ್ನ ಮುಂಗೈ ಹಿಡಿದು ಗಡಿಯಾರವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. “ಚಲೋ ಅದ. ಈಗೆಷ್ಟು ಗಂಟಿ?” ಎಂದರು. ನಾನು ಹೇಳಿದೆ. “ಹೌದಾ” ಎಂದು ಎದ್ದು ಹೊಲದ ಕಡೆ ಹೋದರು. ಹೊಲದಲ್ಲಿ ಮಾಡುವಂಥ ಕೆಲಸ ಏನೂ ಇರಲಿಲ್ಲ.

ಅಂದು ರಾತ್ರಿ ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ರೈತನ ಮನೆಯಲ್ಲಿ ಹುಟ್ಟಿದ ನನಗೆ ತಿಳಿದಿರಲೇಬೇಕಾಗಿದ್ದ ಸಂಗತಿಗಳು ಅವು. ಮಿರಗದ ಮಳೆಗೆ ಹೆಸರು, ಉದ್ದು ಬಿತ್ತುತ್ತೇವೆ. ಎಪ್ಪತ್ತು ಎಂಬತ್ತು ದಿನಗಳಲ್ಲಿ ಕೈಗೆ ಬರುವ ಆ ಬೆಳೆಯೇ ವರ್ಷದ ಮೊದಲ ರೊಕ್ಕ. ಅಂಗಡಿಯ ಉದ್ರಿ ತೀರುವುದು ಅದರಿಂದಲೇ. ಮಿರಗ ಒಣಗಿತು ಎಂದರೆ ಆ ರೊಕ್ಕ ಇಲ್ಲ. ತೊಗರಿ ನಮ್ಮ ಜಿಲ್ಲೆಯ ಬಂಗಾರ, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಆಶ್ಲೇಷಾ ಮಳೆಯ ಹೊತ್ತಿಗೂ ಗೇಣುದ್ದವೇ ಇರುವ ತೊಗರಿ ಸಂಕ್ರಾಂತಿಯ ರಾಶಿಗೆ ಏನನ್ನು ಕೊಟ್ಟೀತು? ಮೇವು ಕಡಿಮೆ ಎಂದರೆ ಎತ್ತು ಮಾರುವ ಕಾಲ ಬಂತೆಂದು ಅರ್ಥ. ಉತ್ತರಿ, ಹಸ್ತ ಕೈಕೊಟ್ಟರೆ ಎರೆ ಭೂಮಿಯಲ್ಲಿ ಹದ ಉಳಿಯುವುದಿಲ್ಲ. ಹಿಂಗಾರಿನ ಬಿಳಿ ಜೋಳ, ಕಡಲೆ ಬಿತ್ತುವಂತಿಲ್ಲ. ಎಂದರೆ ಮುಂದಿನ ವರ್ಷದ ರೊಟ್ಟಿಯೇ ಇಲ್ಲ. ಮೂರು ಕಾರ್ಡುಗಳಲ್ಲಿ ಅಪ್ಪ ಮನೆಯ ಇಡೀ ಆಯವ್ಯಯವನ್ನು ಬರೆದು ಕಳಿಸಿದ್ದರು.

ಇನ್ನು ಕಡೆಯ ಪ್ರಶ್ನೆ. “ನಿಮ್ಮ ಕಡಿ ಮಳಿ ಹ್ಯಾಂಗದ?” ಮಗನ ಮುಂದೆ ಕೈ ಚಾಚಲು ಬಾರದ ತಂದೆ ಬೇರೆ ಹೇಗೆ ಕೇಳಿಯಾರು? ನಾನು ಅದಕ್ಕೆ ಹವೆ ಹಿತಕರವಾಗಿದೆ ಎಂದು ಬರೆದಿದ್ದೆ.

ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಕನ್ನಡ ಪ್ರಶ್ನೆಪತ್ರಿಕೆಯಲ್ಲಿ “ಸಂದರ್ಭಸಹಿತ ಸ್ವಾರಸ್ಯ ವಿವರಿಸಿರಿ” ಎಂಬ ಪ್ರಶ್ನೆ ಇರುತ್ತಿತ್ತು. ಮಾತು ಯಾರದು, ಯಾರಿಗೆ ಹೇಳಿದ್ದು, ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ಬರೆಯದಿದ್ದರೆ ನಾನು ನಿರ್ದಾಕ್ಷಿಣ್ಯವಾಗಿ ಅಂಕ ಕಡಿಯುತ್ತಿದ್ದೆ. ಅದೇ ಶಿಕ್ಷಕ ತನ್ನ ತಂದೆಯ ಮೂರು ಸಾಲನ್ನು ಸಂದರ್ಭಸಹಿತ ಓದಲಾರದೆ ಹೋದ. ನಮ್ಮದೇ ತಾಲ್ಲೂಕಿನ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನ ‘ಕವಿರಾಜಮಾರ್ಗ’ವು ಈ ನಾಡಿನ ಜನ ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರು ಎಂದು ಕೊಂಡಾಡುತ್ತದೆ. ತರಗತಿಯಲ್ಲಿ ಆ ಭಾಗ ಬಂದಾಗಲೆಲ್ಲ ನನ್ನ ದನಿ ಸ್ವಲ್ಪ ಕುಗ್ಗುತ್ತಿತ್ತು. ಅಪ್ಪ ಓದದವರು, ಆದರೆ ಮರ್ಮವಿಟ್ಟು ಬರೆಯಬಲ್ಲವರು. ನಾನು ಓದಿದವನು, ನನಗೆ ಅದು ತಿಳಿಯಲಿಲ್ಲ.

ರಜೆ ಮುಗಿಸಿ ಔರಾದ್‌ಗೆ ಮರಳಿದ ಮೇಲೆ ಪ್ರತಿ ತಿಂಗಳು ಮನಿ ಆರ್ಡರ್ ಕಳಿಸತೊಡಗಿದೆ. ಮೊದಲನೆಯದು ತಲುಪಿದ ಮೇಲೆ ಅಪ್ಪನ ಕಾರ್ಡು ಬಂತು: “ಚಿತ್ತಿ, ಸ್ವಾತಿ ಎರಡೂ ಇಲ್ಲಿ ಬರಲಿಲ್ಲ. ನಿಮ್ಮ ಕಡಿಂದ ಮುಟ್ಟಿತು.” ಅದನ್ನು ಇಂದಿಗೂ ನನ್ನ ಸೇವಾ ಪುಸ್ತಕದ ಪ್ರತಿಯ ಜೊತೆಗೆ ಇಟ್ಟುಕೊಂಡಿದ್ದೇನೆ. ಅಂಚೆ ಇಲಾಖೆ ಆ ಹಳೆಯ ಮನಿ ಆರ್ಡರ್ ಪದ್ಧತಿಯನ್ನು 2015ರಲ್ಲಿ ನಿಲ್ಲಿಸಿದಾಗ ಪತ್ರಿಕೆಯಲ್ಲಿ ಸುದ್ದಿ ಓದಿ ಆ ಕಾರ್ಡನ್ನು ಮತ್ತೊಮ್ಮೆ ತೆಗೆದು ನೋಡಿದ್ದೆ.

ಕೆಲವು ವರ್ಷಗಳ ನಂತರ ಅವ್ವನಿಗೆ ಹೊಸ ಬೋರಮಾಳ ಮಾಡಿಸಿದೆ. ಹಾಕಿಕೊಂಡಳು, ಕನ್ನಡಿಯಲ್ಲಿ ನೋಡಿಕೊಂಡಳು. “ಚಂದ ಅದ. ಆದ್ರ ಅದು ನಮ್ಮವ್ವನ ಕೈಯಿಂದ ಬಂದಿತ್ತು” ಎಂದಳು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಕೆಲವು ಸಾಲಗಳು ತೀರುವುದಿಲ್ಲ ಎಂದು ಅಂದು ಅರಿವಾಯಿತು.

ಈ ಪಾಠ ನನಗೆ ಶಹಾಬಾದ್‌ನಲ್ಲಿ ಕೆಲಸಕ್ಕೆ ಬಂತು. ತೊಂಬತ್ತರ ದಶಕದಲ್ಲಿ ಅಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗ ಮಳೆ ಬಂದ ಮರುದಿನ ಶಾಲೆಗೆ ತಪ್ಪಿಸುತ್ತಿದ್ದ. ಕಾರಣ ಕೇಳಿದರೆ “ಮಳಿ, ಸರ್” ಎನ್ನುತ್ತಿದ್ದ. ಎರಡು ಸಲ ಗದರಿಸಿದೆ. ಮೂರನೆಯ ಸಲ ಅಪ್ಪನ ಕಾರ್ಡು ನೆನಪಾಯಿತು. ಪಕ್ಕಕ್ಕೆ ಕರೆದು, “ಮಳಿ ಬಂದ್ರ ನಿಮ್ಮ ಮನ್ಯಾಗ ಏನಾಗ್ತದೋ?” ಎಂದೆ. ಅವನ ತಂದೆ ಪರಸಿ ಖಣಿಯ ಕೂಲಿ. ಮಳೆ ಬಂದರೆ ಖಣಿಯಲ್ಲಿ ನೀರು ತುಂಬುತ್ತದೆ, ಕಲ್ಲು ತೆಗೆಯುವ ಕೆಲಸ ನಿಲ್ಲುತ್ತದೆ, ಅಂದಿನ ಪಗಾರ ಇಲ್ಲ. ಆ ದಿನಗಳಲ್ಲಿ ಹುಡುಗ ಚಹಾದ ಅಂಗಡಿಯಲ್ಲಿ ಕಪ್ಪು ತೊಳೆಯಲು ಹೋಗುತ್ತಿದ್ದ. ನಮ್ಮ ಮನೆಯಲ್ಲಿ ಮಳೆ ಬಂದ ದಿನ ಒಂದು ರೊಟ್ಟಿ ಹೆಚ್ಚು, ಅವನ ಮನೆಯಲ್ಲಿ ಕಡಿಮೆ. ಅವ್ವನ ಗಾದೆ ಎಲ್ಲರ ಮನೆಗೂ ಹೊಂದುವುದಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತಪ್ಪಿದ ಪಾಠಗಳಿಗೆ ಸಂಜೆ ಮನೆಗೆ ಬಾ ಎಂದೆ, ಬಂದ, ಪಾಸಾದ. ಇದನ್ನು ಅವನೂ ಓದುತ್ತಿರಬಹುದು. ಗದರಿಸಿದ ಆ ಎರಡು ದಿನಗಳಿಗಾಗಿ ಕ್ಷಮೆಯಿರಲಿ, ಮಗು.

ಅಪ್ಪ ಅವ್ವ ಇಬ್ಬರೂ ಈಗಿಲ್ಲ. ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಛಾವಣಿ ಬಂದಿದೆ, ಪರಾತ ಇಡುವ ಕೆಲಸ ತಪ್ಪಿದೆ. ಪುಣೆಯಲ್ಲಿ ಎಷ್ಟು ಮಳೆ, ಕೋಡ್ಲಾದಲ್ಲಿ ಎಷ್ಟು ಬಿಸಿಲು ಎಂಬುದನ್ನು ಕೈಯಲ್ಲಿರುವ ಫೋನೇ ಹೇಳುತ್ತದೆ. ಹಾಗಿದ್ದೂ ಮಗ ನನ್ನನ್ನೇ ಕೇಳಿದ. ಏಕೆ ಕೇಳಿದ ಎಂದು ನಾನು ಅಂದು ಯೋಚಿಸಲಿಲ್ಲ, ನಕ್ಷತ್ರಗಳ ಲೆಕ್ಕ ಒಪ್ಪಿಸಿ ಫೋನ್ ಇಟ್ಟೆ. ನಿದ್ರೆ ಬಾರದೆ ಮಲಗಿದ್ದಾಗ ಅದು ನೆನಪಾಯಿತು. ಬೆಳಗಾದೊಡನೆ ನಾನೇ ಫೋನ್ ಮಾಡಿ, “ಮಳಿ ಇರಲಿ, ನೀ ಹ್ಯಾಂಗ ಅದೀ ತಮ್ಮಾ?” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಅಪ್ಪಾ, ಕಂಪನಿಯಾಗ ಒಂದಿಷ್ಟು ತ್ರಾಸು ನಡದದ” ಎಂದು ಶುರು ಮಾಡಿದ. ಮುಕ್ಕಾಲು ಗಂಟೆ ಮಾತಾಡಿದೆವು. ಮಳೆಯ ಸುದ್ದಿ ಬರಲೇ ಇಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಊರಿನಲ್ಲಿರುವ ಹಿರಿಯರು ಫೋನಿನಲ್ಲಿ ಮಳೆ ಬಿಸಿಲಿನ ಮಾತೆತ್ತಿದರೆ ಬೇಸರಿಸಬೇಡಿರಿ. ಮಳೆಯಿಂದ ನಿಮಗೇನಾಯಿತು ಎಂದು ಇನ್ನೊಂದು ಪ್ರಶ್ನೆಯನ್ನು ಸೇರಿಸಿ ಕೇಳಿರಿ.

ಇಲ್ಲಿ ಈಗ ಮೋಡ ಕವಿದಿದೆ. ತೊಗರಿ ಮೊಣಕಾಲೆತ್ತರ ಬಂದಿದೆ. ನಿಮ್ಮ ಕಡೆ ಮಳೆ ಹೇಗಿದೆ? ತಿಳಿಸಿರಿ.