ಎರಡನೆಯ ಗಿಟಾರ್

ನಮ್ಮ ಬ್ಯಾಂಡಿನಲ್ಲಿ ಇಬ್ಬರು ಗಿಟಾರ್ ನುಡಿಸುತ್ತೇವೆ. ಕಡಬದ ಗೆಳೆಯನದು ಲೀಡ್, ಪುತ್ತೂರಿನ ನನ್ನದು ರಿದಮ್. ರಾಕ್ ಹಾಡಿನಲ್ಲಿ ಎಲ್ಲರ ಕಣ್ಣೂ ಲೀಡ್ ಗಿಟಾರಿನ ಮೇಲೆ. ಅವನ ಬೆರಳುಗಳು ತಂತಿಗಳ ಮೇಲೆ ಓಡುವಾಗ ಚಪ್ಪಾಳೆಯೋ ಚಪ್ಪಾಳೆ. ಹಿಂದೆ ನಿಂತು ಅದೇ ನಾಲ್ಕು ಕಾರ್ಡ್ ಬಾರಿಸುವ ನನ್ನನ್ನು ಯಾರೂ ನೋಡುವುದಿಲ್ಲ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಿತ್ತು. ಅವನೊಮ್ಮೆ ತಪ್ಪಲಿ ಎಂದು ಕಾದದ್ದೂ ಉಂಟು. ಕಳೆದ ಮಳೆಗಾಲದಲ್ಲಿ, ಗಿಟಾರ್ ಮಾರಿಬಿಡುತ್ತೇನೆ ಎಂದೆ. "ಮಾರು, ಓದಲಿಕ್ಕಾದರೂ ಸಮಯ ಸಿಗುತ್ತದೆ" ಎಂದರು ಉಮ್ಮ.

ಅದಾದ ಮೇಲೆ ಸುಳ್ಯದಲ್ಲಿ ಒಂದು ಕಾರ್ಯಕ್ರಮವಿತ್ತು. ಕೊನೆಯ ಹಾಡಿನ ಸೋಲೋ ನಡುವೆ ಅವನು ತಾಳ ತಪ್ಪಿದ. ನಾನು ಕಾಯುತ್ತಿದ್ದ ಗಳಿಗೆ! ಆದರೆ ಖುಷಿಯಾಗಲಿಲ್ಲ, ಗಾಬರಿಯಾಯಿತು. ನನ್ನ ಕೈ ತಾನಾಗಿಯೇ ಗಟ್ಟಿಯಾಗಿ ಬಾರಿಸತೊಡಗಿತು. ಅವನು ಒಮ್ಮೆ ನನ್ನತ್ತ ನೋಡಿದ, ಸ್ವಲ್ಪ ಸುಮ್ಮನಿದ್ದ, ಮತ್ತೆ ಸರಿಯಾದ ಜಾಗಕ್ಕೆ ಬಂದು ಸೇರಿಕೊಂಡ. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವನು ಕೇಳಿದ: "ನೀನು ತಾಳ ಬಿಡುವುದೇ ಇಲ್ಲವಲ್ಲ, ಹೇಗೆ ಮಾರಾಯಾ? ನನಗೂ ಹೇಳಿಕೊಡು."

ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. ಸಣ್ಣವನಿದ್ದಾಗ ನಮ್ಮೂರಿನ ದಫ್ ತಂಡದವರ ಪಕ್ಕ ಕುಳಿತು ತೊಡೆ ತಟ್ಟುತ್ತಿದ್ದೆ. ಅಲ್ಲಿ ಒಬ್ಬ ಮುಂದೆ ಓಡಿದರೆ ಎಲ್ಲವೂ ಹಾಳು. ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಬಾರಿಸಬೇಕು.

ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾದಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಬೇರೊಬ್ಬರು ನುಡಿಸಿದ ಸ್ಯಾಕ್ಸೊಫೋನ್ ಕೇಳಿ ಮನಸೋತರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅಷ್ಟು ದೂರದ ದಾರಿ ಶುರುವಾದದ್ದು ಇನ್ನೊಬ್ಬರನ್ನು ಮೆಚ್ಚಿದ್ದರಿಂದ.

ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಬ್ಯಾಂಡಿನ ಬ್ರೂಸ್ ಲೀ ಮಣಿ ನನ್ನ ಮೆಚ್ಚಿನ ಗಿಟಾರಿಸ್ಟ್. ಮೊದಲು ಅವರ ಸೋಲೋ ಮಾತ್ರ ಕೇಳುತ್ತಿದ್ದೆ. ಈಗ ಅವರು ಹಾಡುತ್ತಲೇ ಬಾರಿಸುವ ರಿದಮ್ಮಿಗೂ ಕಿವಿಗೊಡುತ್ತೇನೆ.

ಗಿಟಾರ್ ಮಾರಲಿಲ್ಲ. ಭಾನುವಾರ ಅವನು ನನಗೆ ಸೋಲೋ ಕಲಿಸುತ್ತಾನೆ, ನಾನು ಅವನಿಗೆ ತಾಳ ಹಿಡಿಯಲು ಹೇಳಿಕೊಡುತ್ತೇನೆ. ಅವನು ಈಗಲೂ ನನಗಿಂತ ಚೆನ್ನಾಗಿ ನುಡಿಸುತ್ತಾನೆ. ಅದನ್ನು ಅವನ ಮುಂದೆಯೇ ಹೇಳಲು ಈಗ ನನಗೆ ಕಷ್ಟವಾಗುವುದಿಲ್ಲ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ