ಮಲ್ಲೇಶ್ವರಂ ಹತ್ತಿರ

ಬೆಂಗಳೂರಿನ ಮದುವೆಮನೆಗಳಲ್ಲಿ ಪಂಕ್ತಿಗೆ ಕೂತಾಗ ಪಕ್ಕದ ಎಲೆಯವರು ನಮ್ಮ ಹೆಸರಿಗೂ ಮೊದಲು ಕೇಳುವ ಮಾತೊಂದಿದೆ: "ಮನೆ ಎಲ್ಲಾಯ್ತು?" ಮಲ್ಲೇಶ್ವರದವರು "ಮಲ್ಲೇಶ್ವರಂ" ಎಂದಷ್ಟೇ ಹೇಳಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಬಸವನಗುಡಿಯವರದೂ ಜಯನಗರದವರದೂ ಹಾಗೇ ಒಂದೇ ಪದದ ಉತ್ತರ. ಮಿಕ್ಕವರ ಉತ್ತರ ಸ್ವಲ್ಪ ಉದ್ದ. ಅದರಲ್ಲಿ ಒಂದು "ಹತ್ತಿರ" ಇರುತ್ತದೆ, ಇಲ್ಲವೇ ಒಂದು "ಹಿಂದುಗಡೆ", ಒಂದು "ದಾಟಿಕೊಂಡು ಸ್ವಲ್ಪ ಒಳಗೆ". ದೊಡ್ಡ ಹೆಸರಿನ ಬಡಾವಣೆಯೊಂದನ್ನು ಮೊದಲು ಮುಂದಿಟ್ಟು, ಆಮೇಲೆ ತಮ್ಮ ಊರನ್ನು ಮೆಲ್ಲನೆ ಹೇಳುತ್ತಾರೆ. ಈ ಮೆಲುದನಿ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ.

ನಾನು ಬೆಳೆದದ್ದು ಶ್ರೀರಾಂಪುರದಲ್ಲಿ. ರೈಲು ಹಳಿಯ ಆ ಕಡೆ ಮಲ್ಲೇಶ್ವರಂ, ಈ ಕಡೆ ನಾವು. ನಮ್ಮ ಬೀದಿಯ ಹೆಚ್ಚಿನ ಗಂಡಸರು ಮಿಲ್ಲುಗಳಿಗೆ ಹೋಗುವವರು, ಸೈರನ್ನಿನ ಲೆಕ್ಕದಲ್ಲಿ ಏಳುವವರು, ಮಲಗುವವರು. ಹೊರಗಿನವರು ಕೇಳಿದರೆ ಅಪ್ಪ "ಮಲ್ಲೇಶ್ವರಂ ಹತ್ತಿರ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಹಳಿ ದಾಟಿದರೆ ಮಲ್ಲೇಶ್ವರವೇ. ಅಮ್ಮ ಮಾತ್ರ ಯಾರ ಮುಂದೆಯೂ "ಶ್ರೀರಾಂಪುರ" ಎಂದೇ ಹೇಳುತ್ತಿದ್ದಳು. ಅಕ್ಕನಿಗೆ ಗಂಡು ನೋಡುವ ಕಾಲ ಬಂದಾಗ ಈ ಎರಡು ಉತ್ತರಗಳ ನಡುವಿನ ದೂರ ಎಷ್ಟೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಜಾತಕ ಕೂಡಿದ್ದರೂ ವಿಳಾಸ ಓದಿ ಸುಮ್ಮನಾದವರಿದ್ದರು.

ಹೆಸರಿಗೆ ಈ ಭಾರ ಎಲ್ಲಿಂದ ಬಂತು? ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಹೆಸರೆಂದರೆ ಕೆಲಸ. ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ, ತರಗುಪೇಟೆ, ಗಾಣಿಗರಪೇಟೆ: ಬೀದಿಯ ಹೆಸರು ಹೇಳಿದರೆ ಅಲ್ಲಿ ಏನು ಸಿಗುತ್ತದೆ, ಯಾರ ಕೈಯಿಂದ ಸಿಗುತ್ತದೆ ಎಂಬುದು ತಿಳಿಯುತ್ತಿತ್ತು. ಪೇಟೆಯಲ್ಲೂ ಮೇಲು ಕೀಳು ಇತ್ತು, ಇರಲಿಲ್ಲ ಎಂದು ಹೇಳುವುದು ಸರಿಯಲ್ಲ. ಆದರೆ ದುಡಿಮೆಯನ್ನು ಹೆಸರಿನೊಳಗೆ ಮುಚ್ಚಿಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಬಳೆ ಮಾರುವವನ ಬೀದಿ ಬಳೆಪೇಟೆಯೇ.

1898ರಲ್ಲಿ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಬಯಲಿಗೆ ಓಡಿದರು, ಪೇಟೆಯ ಇಕ್ಕಟ್ಟೇ ಸಾವಿನ ದಾರಿ ಎಂಬ ಭಯ ಊರನ್ನು ಹಿಡಿಯಿತು. ಆ ದಶಕದಲ್ಲೇ ರೂಪುಗೊಳ್ಳುತ್ತಿದ್ದ ಎರಡು ಹೊಸ ಬಡಾವಣೆಗಳಿಗೆ ಜೀವ ಬಂದದ್ದು ಹಾಗೆ. ಉತ್ತರದಲ್ಲಿ ಕಾಡು ಮಲ್ಲೇಶ್ವರನ ಹೆಸರಿನ ಮಲ್ಲೇಶ್ವರಂ, ದಕ್ಷಿಣದಲ್ಲಿ ದೊಡ್ಡ ಬಸವಣ್ಣನ ಹೆಸರಿನ ಬಸವನಗುಡಿ. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಓಣಿ, ಗಾಳಿ, ಬೆಳಕು. ಹಳಬರು ಇವನ್ನು "ಎಕ್ಸ್‌ಟೆನ್ಷನ್" ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಹೋದವರು ಹೋಗಬಲ್ಲವರು: ಸರ್ಕಾರಿ ಅಧಿಕಾರಿಗಳು, ವಕೀಲರು, ಮೇಷ್ಟ್ರುಗಳು, ಅವರಲ್ಲಿ ಬಹುಪಾಲು ಮೇಲು ಜಾತಿಯವರು. ಬಡಾವಣೆಯ ಹೆಸರು ದೇವರದ್ದಾದ ಮೇಲೆ ಅಲ್ಲಿದ್ದವರು ಏನು ಮಾಡುತ್ತಾರೆ ಎಂಬುದನ್ನು ಹೆಸರು ಹೇಳುವಂತಿರಲಿಲ್ಲ. ಪೇಟೆಯ ಹೆಸರಿಗೂ ಎಕ್ಸ್‌ಟೆನ್ಷನ್ನಿನ ಹೆಸರಿಗೂ ಇರುವ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ. ಕೈಕೆಲಸ ಹೆಸರಿನಿಂದ ಜಾರಿಹೋಯಿತು, ಅದರ ಜಾಗದಲ್ಲಿ ಅಂತಸ್ತು ಬಂದು ಕೂತಿತು.

ಅಲ್ಲಿ ಮೊದಲೇ ಇದ್ದ ಊರುಗಳೂ ಜಾರಿಹೋದವು. ಕಾಡು ಮಲ್ಲೇಶ್ವರನ ಗುಡಿಯ 1669ರ ಶಾಸನದಲ್ಲಿ ಮಲ್ಲಪುರ ಎಂಬ ಹಳ್ಳಿಯ ಹೆಸರಿದೆ. ಶಿವಾಜಿಯ ಮಲತಮ್ಮ ಏಕೋಜಿ ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ವಿಷಯವನ್ನು ಅದು ಹೇಳುತ್ತದೆ. ಮೇದರನಿಂಗನಹಳ್ಳಿ! ಬುಟ್ಟಿ ಹೆಣೆಯುವವರ ನೆನಪು ಹೊತ್ತ ಎಷ್ಟು ಚೆಂದದ ಹೆಸರು. ಇವತ್ತು ಯಾವ ಬಸ್ಸಿನ ಬೋರ್ಡಿನಲ್ಲೂ ಅದು ಇಲ್ಲ. ಬಸವನಗುಡಿಯ ಸುತ್ತ ಇದ್ದ ಸುಂಕೇನಹಳ್ಳಿಗೆ ಅದೃಷ್ಟ ಕೊಂಚ ಹೆಚ್ಚು, ವಾರ್ಡಿನ ಪಟ್ಟಿಯಲ್ಲಿ ಅದರ ಹೆಸರು ಉಳಿದುಕೊಂಡಿತು.

ಹೆಸರಿನ ಈ ಅಂತಸ್ತಿಗೆ ಟಪಾಲಿನವರೂ ತಿಳಿಯದೇ ಕೈಜೋಡಿಸಿದರು. ಆರಂಕಿಯ ಪಿನ್‌ಕೋಡ್ 1972ರಲ್ಲಿ ಬಂದರೂ ಹಳಬರ ನಾಲಿಗೆಯಲ್ಲಿ ಕೊನೆಯ ಅಂಕಿಯದೇ ಕಾರುಬಾರು. ಮಲ್ಲೇಶ್ವರಂ ಬೆಂಗಳೂರು-3, ಬಸವನಗುಡಿ ಬೆಂಗಳೂರು-4. ಅಂಕಿ ಚಿಕ್ಕದಾದಷ್ಟೂ ಮನೆ ದೊಡ್ಡದು ಎಂಬಂತೆ ಅದನ್ನು ಹೇಳುವವರನ್ನು ನೋಡಿದ್ದೇನೆ. ಜಯನಗರದಲ್ಲಿ ಬ್ಲಾಕಿನ ಸಂಖ್ಯೆಯೇ ಮೇಲ್ಮೆಯ ಗುರುತು. 1948ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ, ಜಯಚಾಮರಾಜ ಒಡೆಯರ ಹೆಸರು ಹೊತ್ತ ಆ ಬಡಾವಣೆಯಲ್ಲಿ "ಫೋರ್ತ್ ಬ್ಲಾಕ್" ಎಂದರೆ ಬೇರೆ ವಿವರಣೆ ಬೇಡ.

ಇಷ್ಟು ಹೇಳಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಈ ಬಡಾವಣೆಗಳ ಗೌರವ ಬರೀ ಬಾಯಿಮಾತಿನದಲ್ಲ. ಪಾರ್ಕು, ಶಾಲೆ, ವಾಚನಾಲಯ, ನೆರಳಿನ ಮರ ಅಲ್ಲಿ ನಿಜವಾಗಿಯೂ ಇದ್ದವು. 1945ರಲ್ಲಿ ಡಿವಿಜಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬಸವನಗುಡಿ ಸೀಮೆಯಲ್ಲಿ ನೆಲೆಯೂರಿ ಎಷ್ಟೋ ಜನರ ಸಂಜೆಗಳನ್ನು ಬೆಳಗಿತು. ಎಲ್ಲಕ್ಕಿಂತ ಮುಖ್ಯವಾಗಿ, ನಲ್ಲಿಯಲ್ಲಿ ನೀರು ಬರುತ್ತಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಆದಾಗ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಂಡರು, ಅವುಗಳಿಗೆಂದು ಯೋಜಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಟ್ಯಾಂಕರು, ಬೋರ್‌ವೆಲ್ಲು. ಹಳ್ಳಿ ಎಂದು ಕೊನೆಗೊಳ್ಳುವ ವಿಳಾಸ ಕೇಳಿದ ಕೂಡಲೇ ಹೆಣ್ಣು ಕೊಡುವವರ ಮನಸ್ಸಿನಲ್ಲಿ ಮೊದಲು ಮೂಡುವ ಚಿತ್ರ ಕೊಡದ್ದಾದರೆ ಅವರನ್ನು ದೂರುವುದು ಕಷ್ಟ. ಹೆಸರಿಗೆ ಅಂಟಿದ ಕೀಳರಿಮೆಯ ಎಷ್ಟೋ ಪಾಲು ನೀರಿನ ಪೈಪು ಬಂದ ದಿನ ಕರಗಬಹುದು.

ಬ್ರಿಟಿಷರ ದಂಡಿದ್ದ ಕಡೆಯ ಕಥೆ ಬೇರೆ. ಮೈಸೂರಿನ ರೆಸಿಡೆಂಟ್ ಆಗಿದ್ದ, ಅದಕ್ಕೂ ಮೊದಲು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದ್ದ ಸ್ಟುವರ್ಟ್ ಫ್ರೇಜರ್ ಹೆಸರಿನ ಫ್ರೇಜರ್ ಟೌನನ್ನು ಪುಲಕೇಶಿನಗರ ಮಾಡಿದರು. ವಿಧಾನಸಭಾ ಕ್ಷೇತ್ರಕ್ಕೂ ಆ ಹೆಸರೇ ಇದೆ. ಆದರೆ ರಂಜಾನಿನ ಸಂಜೆ ಮಾಸ್ಕ್ ರೋಡಿಗೆ ತಿನ್ನಲು ಹೋಗುವವರು ಯಾರೂ ಪುಲಕೇಶಿನಗರಕ್ಕೆ ಹೋಗುತ್ತೇವೆ ಎನ್ನುವುದಿಲ್ಲ. ಇಮ್ಮಡಿ ಪುಲಕೇಶಿಯ ಮೇಲೆ ಯಾರಿಗೂ ಅಗೌರವವಿಲ್ಲ. ಒಂದು ಹೆಸರಿನಲ್ಲಿ ಎರಡು ಮೂರು ತಲೆಮಾರು ಹುಟ್ಟಿ, ಬೆಳೆದು, ಸತ್ತ ಮೇಲೆ ಅದು ಫ್ರೇಜರನದ್ದಾಗಿ ಉಳಿದಿರುವುದಿಲ್ಲ, ಅಲ್ಲಿನವರದ್ದಾಗಿರುತ್ತದೆ.

ಇನ್ನು ಸದಾಶಿವನಗರ. ಬೆಂಗಳೂರಿನಲ್ಲಿ ಇದಕ್ಕಿಂತ ಮೇಲಿನ ವಿಳಾಸ ಹುಡುಕುವುದು ಕಷ್ಟ. ಮಂತ್ರಿಗಳು, ಉದ್ಯಮಿಗಳು, ಸಿನಿಮಾದವರು ಇರುವ ಜಾಗ. ಡಾ. ರಾಜ್‌ಕುಮಾರ್ ಅವರ ಮನೆಯ ಮುಂದೆ ಅಭಿಮಾನಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗ. ಅರಮನೆಯ ತೋಟದ ನೆನಪಿನಲ್ಲಿ ಮೊದಲು ಇದನ್ನು ಪ್ಯಾಲೇಸ್ ಆರ್ಚರ್ಡ್ಸ್ ಎನ್ನುತ್ತಿದ್ದರು. ಆಮೇಲೆ ಇಟ್ಟ ಹೆಸರು ಕಾರ್ನಾಡು ಸದಾಶಿವರಾಯರದು.

ಸದಾಶಿವರಾಯರು 1881ರಲ್ಲಿ ಮಂಗಳೂರಿನ ಸಿರಿವಂತ ಮನೆತನದಲ್ಲಿ ಹುಟ್ಟಿದವರು, ವಕೀಲರು. ಗಾಂಧೀಜಿಯವರ ಸತ್ಯಾಗ್ರಹದ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರೆಂದು ಅವರನ್ನು ನೆನೆಯುತ್ತಾರೆ. ಪತ್ನಿ ಶಾಂತಾಬಾಯಿಯವರ ಜೊತೆ ಸೇರಿ ವಿಧವೆಯರಿಗೂ ಬಡ ಹೆಣ್ಣುಮಕ್ಕಳಿಗೂ ಆಸರೆಯಾಗಲೆಂದು ಮಹಿಳಾ ಸಭಾ ಕಟ್ಟಿದರು, ರಾಷ್ಟ್ರೀಯ ಶಿಕ್ಷಣಕ್ಕೆ ತಿಲಕ ವಿದ್ಯಾಲಯ ತೆರೆದರು. ಕೇಳಿ ಬಂದವರಿಗೆ ಇಲ್ಲ ಎನ್ನಲಿಲ್ಲ. ಜೈಲಿಗೆ ಹೋದರು, ಆಸ್ತಿ ಕರಗಿತು. 1937ರಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮನೆಯನ್ನೇ ದೇಶಕ್ಕೆ ಕೊಟ್ಟು ಬರಿಗೈಯಲ್ಲಿ ಹೋದ ಮನುಷ್ಯನ ಹೆಸರು ಊರಿನ ಅತಿ ದುಬಾರಿ ನೆಲಕ್ಕೆ ಇದೆ ಎಂದು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಆ ಬಡಾವಣೆಯ ಪ್ರತಿಯೊಂದು ಶಾಲೆಯಲ್ಲೂ ಮಕ್ಕಳಿಗೆ ಮೊದಲ ದಿನ ಈ ಕಥೆಯನ್ನು ಹೇಳಬೇಕು ಎಂದು ನನ್ನ ಆಸೆ. ಅಂತಸ್ತಿನ ಹೆಸರೊಂದರ ಒಳಗೆ ಇಂಥ ತ್ಯಾಗ ಇರುವಾಗ ಅದನ್ನು ಬರೀ ಚದರಡಿಯ ಬೆಲೆಯಾಗಿ ಉಚ್ಚರಿಸುವುದು ನಮ್ಮ ನಷ್ಟ.

ಮುಂದೆ ಅಕ್ಷರಗಳ ಕಾಲ ಬಂತು. ರವೀಂದ್ರನಾಥ ಟ್ಯಾಗೋರರು ಆರ್.ಟಿ. ಆದರು, ಜಯಪ್ರಕಾಶ ನಾರಾಯಣರು ಜೆ.ಪಿ. ಆದರು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸೇರಿ ಬಿ.ಟಿ.ಎಂ. ಆದವು. ಹೊಸೂರು-ಸರ್ಜಾಪುರ ರಸ್ತೆ ಎಚ್.ಎಸ್.ಆರ್. ಆಯಿತು. ಅದರ ಮಗ್ಗುಲಲ್ಲೇ ಇರುವ ಅಗರದ ಹೆಸರು ಬಿಟ್ಟು, ರಸ್ತೆ ಮುಂದೆಲ್ಲೋ ಹೋಗಿ ಮುಟ್ಟುವ ಎರಡು ದೂರದ ಊರುಗಳ ಹೆಸರನ್ನು ತಂದಿಟ್ಟರು. ಅಗರದಲ್ಲಿ ಒಂಬತ್ತನೇ ಶತಮಾನದ ಗಂಗರ ಕಾಲದ ಶಾಸನವಿದೆ, ಕೆರೆಗಳ ಕೆಲಸವನ್ನು ಹೇಳುವ ಶಾಸನ. ಅಂಥ ಊರಿನವರು ಈಗ "ಎಚ್.ಎಸ್.ಆರ್. ಪಕ್ಕ" ಎಂದು ಹೇಳಿಕೊಳ್ಳುತ್ತಾರೆ. ಸಾವಿರ ವರ್ಷ ಹಳೆಯದು ನಲವತ್ತು ವರ್ಷದ್ದರ ಪಕ್ಕವೇ? ಪಕ್ಕ ಬಂದದ್ದು ಯಾರು?

ಬೇಗೂರಿನವರ ಪಾಡು ಇನ್ನೂ ಹೆಚ್ಚಿನದು. "ಬೆಂಗಳೂರು" ಎಂಬ ಹೆಸರು ಕಲ್ಲಿನ ಮೇಲೆ ಮೊದಲು ಕಾಣುವುದೇ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ. ಊರಿಗೆ ಹೆಸರಿನ ದಾಖಲೆ ಕೊಟ್ಟ ಊರು ಅದು. ಈಗ ಅಲ್ಲಿ ಮನೆ ಮಾರುವ ಫಲಕಗಳು ಎಲೆಕ್ಟ್ರಾನಿಕ್ ಸಿಟಿಗೆ ಎಷ್ಟು ನಿಮಿಷ ಎಂಬುದನ್ನು ಮೊದಲು ಹೇಳುತ್ತವೆ. ಉತ್ತರದಲ್ಲಿ ಹೆಬ್ಬಾಳ. ಅಲ್ಲಿ 2018ರಲ್ಲಿ ಗುರುತಿಸಿದ ಕಿತ್ತಯ್ಯನ ಶಾಸನ ಎಂಟನೇ ಶತಮಾನದ್ದು, ಶ್ರೀಪುರುಷನ ಆಳ್ವಿಕೆಯದು. ಊರಿನ ಮೇಲೆ ಬಿದ್ದವರನ್ನು ಎದುರಿಸಿ ಸತ್ತವನ ಕಲ್ಲು. ನಮಗೆ ಹೆಬ್ಬಾಳ ಎಂದರೆ ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರು ನಿಲ್ಲುವ ಮೇಲ್ಸೇತುವೆ.

ಕೆಲವು ಹೆಸರುಗಳು ಕುಗ್ಗಿದರೆ ಕೆಲವು ಹಿಗ್ಗುತ್ತವೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿಕೊಂಡು ಬಾಳಲೆಂದು ಹುಟ್ಟಿದ ಪುಟ್ಟ ವಸತಿ. ಅವರ ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರು ಅದಕ್ಕೆ ಬಂತು, ಚಾಮರಾಜೇಂದ್ರ ಒಡೆಯರು ನೆಲ ಕೊಟ್ಟರು. ಸಾಫ್ಟ್‌ವೇರ್ ಬಂದ ಮೇಲೆ ಆ ಹೆಸರು ಹೂಡಿ, ಕಾಡುಗೋಡಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರಗಳ ಮೇಲೆಲ್ಲ ಹಬ್ಬಿತು. ವರ್ತೂರಿನ ಕೆರೆಯ ಆಚೆ ಕಟ್ಟಿದ ಅಪಾರ್ಟ್‌ಮೆಂಟಿನವರೂ ವೈಟ್‌ಫೀಲ್ಡ್ ಎನ್ನುತ್ತಾರೆ. ಮೂಲ ವಸತಿಯ ಇನ್ನರ್ ಸರ್ಕಲ್ಲಿನ ಹಳೆಯ ಹೆಂಚಿನ ಮನೆಗಳು ಮಾತ್ರ ಒಂದೊಂದಾಗಿ ಕಡಿಮೆಯಾಗುತ್ತ ಬಂದವು.

ಮೆಟ್ರೋ ಬಂದು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿದ ಮೇಲೆ ಆ ಊರಿನ ಹೆಸರುಗಳು ದಾಖಲೆಪತ್ರಕ್ಕೆ ಸೇರಿಹೋಗಿದ್ದವು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದಾಗ ಕೋನಪ್ಪನ ಅಗ್ರಹಾರ, ಬೆರಟೇನ ಅಗ್ರಹಾರ, ಸಿಂಗಸಂದ್ರ ಎಂದು ರೈಲಿನೊಳಗೆ ಕನ್ನಡದಲ್ಲಿ ಕೂಗಿ ಹೇಳತೊಡಗಿದರು. ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು "ಕೋನಪ್ಪನ ಅಗ್ರಹಾರದಲ್ಲಿ ಇಳೀತೀನಿ" ಎಂದು ಫೋನಿನಲ್ಲಿ ಹೇಳುವುದನ್ನು ಕೇಳಿ ನನಗೆ ಹಿಗ್ಗಾಗುತ್ತದೆ. ಹೆಸರು ಉಳಿಯುವುದು ಹೀಗೆ, ದಿನಾ ಇಳಿಯುವವರ ಬಾಯಲ್ಲಿ.

ಯಲಹಂಕದ ಪಶ್ಚಿಮಕ್ಕೆ ಈಗ ಇನ್ನೊಂದು ದೊಡ್ಡ ಬಡಾವಣೆ ಏಳುತ್ತಿದೆ. ಅದಕ್ಕೆ ಡಾ. ಶಿವರಾಮ ಕಾರಂತರ ಹೆಸರು. ತುಂಡು ಭೂಮಿಗಾಗಿ ಜೀವಮಾನವಿಡೀ ಹಂಬಲಿಸಿದ ಚೋಮನನ್ನು ನಮಗೆ ಕೊಟ್ಟವರು ಕಾರಂತರು. ಅವರ ಹೆಸರಿನ ಈ ಬಡಾವಣೆಗೆ ನೆಲ ಹೋದದ್ದು ಹದಿನೇಳು ಹಳ್ಳಿಗಳಿಂದ: ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ, ರಾಮಗೊಂಡನಹಳ್ಳಿ, ಬ್ಯಾಲಕೆರೆ, ಮೇಡಿ ಅಗ್ರಹಾರ, ಗುಣಿ ಅಗ್ರಹಾರ, ಇನ್ನೂ ಹನ್ನೊಂದು. ದೊಡ್ಡ ಹೆಸರು ಕಾರಂತರದ್ದೇ ಇರಲಿ. ಒಳಗಿನ ಭಾಗಗಳಿಗೆ ಒಂದು, ಎರಡು, ಮೂರು ಎನ್ನುವ ಬದಲು ಆಯಾ ಹಳ್ಳಿಯ ಹೆಸರನ್ನೇ ಇಡಬೇಕು. ನೆಲ ಕೊಟ್ಟವರ ಮೊಮ್ಮಕ್ಕಳು ತಮ್ಮ ಊರಿನ ಹೆಸರನ್ನು ವಿಳಾಸದಲ್ಲಿ ಪೂರ್ತಿ ಬರೆಯುವಂತಾಗಬೇಕು. ಬಡಾವಣೆ ಕಟ್ಟುವ ಪ್ರಾಧಿಕಾರಕ್ಕೆ ಇದರಿಂದ ಆಗುವ ಖರ್ಚು ಫಲಕ ಬರೆಸುವ ಬಣ್ಣದ್ದು. ಮನೆಗಳು ತುಂಬಿಕೊಳ್ಳುವ ಮೊದಲೇ ಇದು ಆಗಬೇಕು. ಜನ ಬಂದು ನೆಲೆಸಿ "ಥರ್ಡ್ ಬ್ಲಾಕ್" ಎನ್ನಲು ಶುರುಮಾಡಿದ ಮೇಲೆ, ಫ್ರೇಜರ್ ಟೌನಿನಲ್ಲಿ ಕಂಡ ಹಾಗೆ, ಯಾವ ಸರ್ಕಾರಿ ಆದೇಶವೂ ಅವರ ನಾಲಿಗೆಯನ್ನು ತಿರುಗಿಸಲಾರದು.